ಅರ್ಧ ಚೀಸ್, ಪೂರ್ತಿ ರುಚಿ: ಮನೆಯಲ್ಲೇ ಅಗ್ಗದ, ಹಗುರವಾದ ಪಿಜ್ಜಾ ಮಾಡುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಮೊದಲ ಸಲ ಪಿಜ್ಜಾ ಮಾಡಿದಾಗ ನನ್ನ ಲೆಕ್ಕ ಸರಳವಾಗಿತ್ತು. ತರಕಾರಿ ಜಾಸ್ತಿ ಹಾಕಿದರೆ ಆರೋಗ್ಯ, ಚೀಸ್ ಜಾಸ್ತಿ ಹಾಕಿದರೆ ರುಚಿ. ಎರಡನ್ನೂ ರಾಶಿ ರಾಶಿ ಸುರಿದೆ. ಓವನ್‌ನಿಂದ ಹೊರಗೆ ತೆಗೆದಾಗ ನೋಡೋಕೆ ಚೆನ್ನಾಗಿಯೇ ಇತ್ತು. ಒಂದು ತುಂಡು ಎತ್ತಿದೆ. ತುದಿ ಜೋತುಬಿತ್ತು. ಅಣಬೆ, ದೊಣ್ಣೆಮೆಣಸಿನಕಾಯಿ ಎಲ್ಲ ಚೀಸ್ ಸಮೇತ ಜಾರಿ ತಟ್ಟೆಗೆ ಬಿತ್ತು. ನಡುವೆ ಒಂದು ಪುಟ್ಟ ಕೆರೆ ನಿಂತಿತ್ತು, ಅದರ ಕೆಳಗಿನ ಹಿಟ್ಟು ಬೆಂದೇ ಇರಲಿಲ್ಲ. ಚಮಚದಲ್ಲಿ ತಿಂದೆವು.

ಆಮೇಲೆ ಎಷ್ಟೋ ಪಿಜ್ಜಾ ಕೆಡಿಸಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ರುಚಿ ಮೇಲಿನಿಂದ ಬರಬೇಕು ಅಂತ ಅಂದುಕೊಂಡಿರುತ್ತೇವೆ, ಅದಕ್ಕೇ ಚೀಸ್ ಸುರಿಯುತ್ತೇವೆ. ಕೆಳಗಿನ ಹಿಟ್ಟಿಗೇ ರುಚಿ ಇದ್ದರೆ ಮೇಲೆ ಅರ್ಧ ಚೀಸ್ ಸಾಕು. ಹಿಟ್ಟಿಗೆ ರುಚಿ ಕೊಡುವುದು ಸಮಯ. ಅದಕ್ಕೆ ಕಾಸು ಕೊಡಬೇಕಾಗಿಲ್ಲ, ಕಲಸಿ ಫ್ರಿಜ್‌ನಲ್ಲಿ ಒಂದು ರಾತ್ರಿ ಬಿಟ್ಟರಾಯಿತು. ಚೀಸ್ ಅರ್ಧವಾದರೆ ಖರ್ಚು ಇಳಿಯುತ್ತದೆ, ಜೊತೆಗೆ ಕೊಬ್ಬೂ ಉಪ್ಪೂ ಇಳಿಯುತ್ತವೆ. ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಮೊದಲು ಸ್ವಲ್ಪ ಲೆಕ್ಕ

ಪಿಜ್ಜಾದಲ್ಲಿ ಇರುವುದು ಹಿಟ್ಟು, ಟೊಮೆಟೊ, ಚೀಸ್, ಮೇಲೊಂದಿಷ್ಟು ತರಕಾರಿ. ಇವುಗಳಲ್ಲಿ ಹಿಟ್ಟು ತುಂಬಾ ಅಗ್ಗ. ಟೊಮೆಟೊ, ಈರುಳ್ಳಿಯೂ ಅಷ್ಟೇನೂ ದುಬಾರಿ ಅಲ್ಲ. ಜೇಬಿಗೆ ಕತ್ತರಿ ಹಾಕುವುದು ಚೀಸ್. ಕೊಬ್ಬಿನ ಲೆಕ್ಕ ನೋಡಿದರೂ ಅದೇ ಮುಂದೆ. ಪಿಜ್ಜಾಗೆ ಹಾಕುವ ಮೊಝರೆಲ್ಲಾ ಚೀಸ್ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 20 ಗ್ರಾಂ ಕೊಬ್ಬು, ಸುಮಾರು 300 ಕ್ಯಾಲೊರಿ ಇರುತ್ತದೆ. ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಚೆನ್ನಾಗಿರುತ್ತದೆ, ಹಾಗಾಗಿ ಚೀಸ್ ವೈರಿ ಅಂತ ನಾನು ಹೇಳುತ್ತಿಲ್ಲ. ಅಳತೆ ಮೀರಿದಾಗ ಮಾತ್ರ ತೊಂದರೆ.

25 ಸೆಂಟಿಮೀಟರ್ ಅಗಲದ ಒಂದು ಪಿಜ್ಜಾ ತೆಗೆದುಕೊಳ್ಳಿ. ಅದಕ್ಕೆ 125 ಗ್ರಾಂ ಹಿಟ್ಟು, 60 ಗ್ರಾಂ ಚೀಸ್, ಒಂದೂವರೆ ಟೀ ಚಮಚ ಎಣ್ಣೆ ಹಾಕಿದರೆ ಒಟ್ಟು 700 ಕ್ಯಾಲೊರಿ ಆಸುಪಾಸಿಗೆ ಬರುತ್ತದೆ. ಅರ್ಧ ಪಿಜ್ಜಾ, ಪಕ್ಕದಲ್ಲಿ ಒಂದು ಬಟ್ಟಲು ಹಸಿ ತರಕಾರಿ ಇದ್ದರೆ ಒಂದು ಹೊತ್ತಿನ ಊಟ ಆಗಿಹೋಗುತ್ತದೆ. ಚೀಸನ್ನು ಎರಡು ಪಟ್ಟು ಮಾಡಿದರೆ ಅದೊಂದರಿಂದಲೇ ಇನ್ನೂ ಸುಮಾರು 180 ಕ್ಯಾಲೊರಿ ಸೇರುತ್ತದೆ.

ಉಪ್ಪಿನ ವಿಷಯದಲ್ಲಿ ಮನೆ ಪಿಜ್ಜಾ ಅಂತ ಮೈಮರೆಯಬೇಡಿ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಟ್ಟು, ಸಾಸ್, ಚೀಸ್ ಮೂರರಲ್ಲೂ ಉಪ್ಪು ಇರುತ್ತದೆ. ಕೈ ಬಿಗಿ ಹಿಡಿದು ಮಾಡಿದ ಪಿಜ್ಜಾದಲ್ಲೂ ಒಟ್ಟು 3 ಗ್ರಾಂ ಸುಲಭವಾಗಿ ಸೇರಿಕೊಳ್ಳುತ್ತದೆ. ಅದಕ್ಕೇ ಒಬ್ಬರಿಗೆ ಅರ್ಧ ಅಂತ ಹೇಳಿದ್ದು.

ಹಿಟ್ಟು: ಇಲ್ಲೇ ಅರ್ಧ ಗೆದ್ದಂತೆ

ಎರಡು ಪಿಜ್ಜಾಗೆ ಬೇಕಾಗುವುದು ಇಷ್ಟು:

- ಮೈದಾ 150 ಗ್ರಾಂ (ಪ್ರೋಟೀನ್ ಜಾಸ್ತಿ ಇರುವ ಬ್ರೆಡ್ ಹಿಟ್ಟು ಸಿಕ್ಕರೆ ಇನ್ನೂ ಒಳ್ಳೆಯದು)
- ಗೋಧಿ ಹಿಟ್ಟು 100 ಗ್ರಾಂ
- ನೀರು 170 ಗ್ರಾಂ
- ಉಪ್ಪು 4 ಗ್ರಾಂ (ಮುಕ್ಕಾಲು ಟೀ ಚಮಚಕ್ಕೆ ಸ್ವಲ್ಪ ಕಡಿಮೆ)
- ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ (ಟೀ ಚಮಚದ ಮೂರನೇ ಒಂದು ಭಾಗ)
- ಎಣ್ಣೆ 1 ಟೀ ಚಮಚ

ನೀರನ್ನೂ ಗ್ರಾಂನಲ್ಲೇ ಹೇಳಿದ್ದಕ್ಕೆ ಕಾರಣ ಇದೆ. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ಒಂದೇ ಕಪ್‌ನಲ್ಲಿ ಅಳೆದರೂ ಹಿಟ್ಟು ಒಮ್ಮೆ 120 ಗ್ರಾಂ ಬರುತ್ತದೆ, ಸ್ವಲ್ಪ ಅದುಮಿ ತುಂಬಿದರೆ 150 ದಾಟುತ್ತದೆ. ಅಷ್ಟರಲ್ಲಿ ಹದ ಕೆಟ್ಟಿರುತ್ತದೆ. ಉಳಿದ ಅಡುಗೆಗೆಲ್ಲ ನನ್ನದು ಕಣ್ಣಳತೆಯೇ, ಹಿಟ್ಟಿಗೆ ಮಾತ್ರ ತಕ್ಕಡಿ.

ಪೂರ್ತಿ ಗೋಧಿ ಹಿಟ್ಟಿನಲ್ಲೇ ಮಾಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಬಹುದು. ನನಗಂತೂ ಅದು ಇಷ್ಟವಾಗಲಿಲ್ಲ. ಗೋಧಿಯ ಪ್ರೋಟೀನ್ ನೀರು ಕುಡಿದು ಗ್ಲುಟನ್ ಅನ್ನುವ ಬಲೆ ಹೆಣೆಯುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಈ ಬಲೆಯೇ. ಗೋಧಿ ಹಿಟ್ಟಿನಲ್ಲಿರುವ ತೌಡಿನ ಚೂರುಗಳು ಆ ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ, ನೀರನ್ನೂ ಹೀರಿಕೊಳ್ಳುತ್ತವೆ. ಹಾಗಾಗಿ ಪಿಜ್ಜಾ ಗಟ್ಟಿಯಾಗುತ್ತದೆ, ಬಾಯಲ್ಲಿ ಭಾರ ಅನಿಸುತ್ತದೆ. ಮಕ್ಕಳಿಗೆ ಕೊಟ್ಟರೆ ಮೇಲಿನ ಚೀಸ್ ಮಾತ್ರ ಬಿಡಿಸಿಕೊಂಡು ತಿನ್ನುತ್ತಾರೆ. 100 ಗ್ರಾಂ ಮೈದಾದಲ್ಲಿ ನಾರಿನಂಶ ಸುಮಾರು 3 ಗ್ರಾಂ, ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ. ಮೇಲೆ ಹೇಳಿದ ಹಾಗೆ ಬೆರೆಸಿದರೆ ಬರೀ ಮೈದಾ ಪಿಜ್ಜಾಕ್ಕಿಂತ ಎರಡು ಪಟ್ಟು ನಾರು ಸಿಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ರೂಢಿಯಾದ ಮೇಲೆ ಗೋಧಿ ಪಾಲು ಏರಿಸುತ್ತಾ ಹೋಗಿ. ಏರಿಸಿದಷ್ಟೂ ನೀರು ಸ್ವಲ್ಪ ಜಾಸ್ತಿ ಬೇಕು. ಪೂರ್ತಿ ಗೋಧಿಯಾದರೆ 250 ಗ್ರಾಂ ಹಿಟ್ಟಿಗೆ 190 ಗ್ರಾಂ ನೀರು ಹಿಡಿಯುತ್ತದೆ.

ಈಗ ಕೆಲಸಕ್ಕೆ ಇಳಿಯೋಣ.

ಹಂತ 1. ಎರಡೂ ಹಿಟ್ಟು, ನೀರು ಮಾತ್ರ ಸೇರಿಸಿ. ಒಣ ಹಿಟ್ಟು ಕಾಣದಷ್ಟು ಕಲಸಿದರೆ ಸಾಕು, ನಾದಬೇಡಿ. ಮುಚ್ಚಿ 30 ನಿಮಿಷ ಬಿಡಿ. ಫ್ರಾನ್ಸಿನ ಬ್ರೆಡ್ ತಜ್ಞ ರೇಮೊಂ ಕಾಲ್ವೆಲ್ 1970ರ ದಶಕದಲ್ಲಿ ಇದಕ್ಕೆ ಆಟೋಲಿಸ್ ಅಂತ ಹೆಸರಿಟ್ಟರು. ಹೆಸರು ದೊಡ್ಡದು, ಕೆಲಸ ಸುಮ್ನೆ ಕೂರುವುದು. ಈ ಅರ್ಧ ಗಂಟೆಯಲ್ಲಿ ತೌಡು ನೆನೆದು ಮೆತ್ತಗಾಗುತ್ತದೆ, ಗ್ಲುಟನ್ ತನ್ನಷ್ಟಕ್ಕೇ ಹೆಣೆದುಕೊಳ್ಳಲು ಶುರುವಾಗುತ್ತದೆ. ಮುಚ್ಚಳ ತೆಗೆದು ಹಿಟ್ಟು ಎಳೆದು ನೋಡಿ. ಕಲಸಿದಾಗ ಚೂರು ಚೂರಾಗಿ ಹರಿಯುತ್ತಿದ್ದದ್ದು ಈಗ ಹಿಗ್ಗುತ್ತದೆ.

ಹಂತ 2. ಯೀಸ್ಟ್, ಉಪ್ಪು, ಎಣ್ಣೆ ಸೇರಿಸಿ ಮೂರ್ನಾಲ್ಕು ನಿಮಿಷ ನಾದಿ. ಹಿಟ್ಟು ಕೈಗೆ ಅಂಟುತ್ತದೆ. ಒಣ ಹಿಟ್ಟು ಉದುರಿಸುವ ಆಸೆ ಆಗುತ್ತದೆ, ಉದುರಿಸಬೇಡಿ. ಕೈ ಒದ್ದೆ ಮಾಡಿಕೊಳ್ಳಿ, ಅಂಟುವುದು ನಿಲ್ಲುತ್ತದೆ. ಹಿಟ್ಟು ಮೆತ್ತಗಿದ್ದರೆ ಪಿಜ್ಜಾ ಹಗುರ, ಗಟ್ಟಿಯಾದರೆ ಪಿಜ್ಜಾ ಬಿಸ್ಕತ್ತು.

ನೀರಿನ ಬಿಸಿ ಬಗ್ಗೆ ಒಂದು ಮಾತು. ಯೀಸ್ಟ್ ಜೀವ ಇರುವ ಸೂಕ್ಷ್ಮಾಣು. ಒಮ್ಮೆ ಬೇಗ ಉಬ್ಬಲಿ ಅಂತ ಕುದಿಯುವ ನೀರಿಗೆ ಸ್ವಲ್ಪ ತಣ್ಣೀರು ಬೆರೆಸಿ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಹಾಕಿದ ಹಾಗೇ ಬಿದ್ದಿತ್ತು, ಒಂದು ಗುಳ್ಳೆಯೂ ಇಲ್ಲ. 55ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಯೀಸ್ಟ್ ಸಾಯುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಡುವ ಹಿಟ್ಟಿಗೆ ಬಿಸಿನೀರಿನ ಅಗತ್ಯವೇ ಇಲ್ಲ, ನಲ್ಲಿ ನೀರು ಸಾಕು. ಅಂದೇ ಮಾಡಿ ಅಂದೇ ತಿನ್ನುವುದಾದರೆ ಬೆರಳಿಟ್ಟರೆ ಉಗುರುಬೆಚ್ಚಗೆ ಅನಿಸಬೇಕು, ಅಷ್ಟೇ. ನಿಮ್ಮ ಹತ್ತಿರ ಇರುವುದು ಇನ್‌ಸ್ಟಂಟ್ ಅಲ್ಲದ ಡ್ರೈ ಯೀಸ್ಟ್ ಆದರೆ ಸ್ವಲ್ಪ ಜಾಸ್ತಿ ತೆಗೆದುಕೊಂಡು, ಮೊದಲೇ ಎತ್ತಿಟ್ಟ ಎರಡು ಚಮಚ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ನೊರೆ ಬಂದರೆ ಜೀವ ಇದೆ ಅಂತ ಅರ್ಥ. ಬರದಿದ್ದರೆ ಪೊಟ್ಟಣ ಹಳೆಯದು.

ಹಂತ 3. ಒಂದೂವರೆ ಗಂಟೆ ಹೊರಗೆ ಬಿಡಿ. ಈ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಬಂದು, ಒದ್ದೆ ಕೈಯಲ್ಲಿ ಹಿಟ್ಟಿನ ಒಂದು ಅಂಚನ್ನು ಮೇಲಕ್ಕೆಳೆದು ನಡುವೆ ಮಡಚಿ. ಪಾತ್ರೆ ತಿರುಗಿಸಿ, ನಾಲ್ಕೂ ಕಡೆ ಹೀಗೇ ಮಾಡಿ. ಅರ್ಧ ನಿಮಿಷದ ಕೆಲಸ. ಮೂರನೇ ಸಲ ಮಡಚುವಾಗ ಹಿಟ್ಟು ನಯವಾಗಿ, ಬಿಗಿಯಾಗಿ ಕೂತಿರುತ್ತದೆ. ತೋಳು ನೋಯುವಷ್ಟು ನಾದುವ ಕಷ್ಟ ಇದರಿಂದ ತಪ್ಪುತ್ತದೆ.

ಹಂತ 4. ಎರಡು ಉಂಡೆ ಮಾಡಿ, ಒಂದೊಂದೂ ಸುಮಾರು 215 ಗ್ರಾಂ. ಎಣ್ಣೆ ಸವರಿದ ಎರಡು ಡಬ್ಬಿಗಳಲ್ಲಿಟ್ಟು ಮುಚ್ಚಿ. ಉಂಡೆ ಎರಡರಷ್ಟು ಹಿಗ್ಗಲು ಜಾಗ ಇರಲಿ. ಫ್ರಿಜ್‌ನಲ್ಲಿ ಕನಿಷ್ಠ ಒಂದು ರಾತ್ರಿ, ಚೆನ್ನಾಗಿ ಬೇಕೆಂದರೆ 48 ಗಂಟೆ ಬಿಡಿ. ಮೂರನೇ ದಿನವೂ ನಡೆಯುತ್ತದೆ, ಆಮೇಲೆ ಹುಳಿ ಜಾಸ್ತಿಯಾಗಿ ಹಿಟ್ಟು ಸೋತು ಹೋಗುತ್ತದೆ.

ಈ ತಣ್ಣನೆಯ ಹೊತ್ತಿನಲ್ಲೇ ನಿಜವಾದ ಅಡುಗೆ ನಡೆಯುವುದು. ತಣ್ಣಗಿದ್ದಾಗ ಯೀಸ್ಟ್ ಮೆಲ್ಲಗೆ ಕೆಲಸ ಮಾಡುತ್ತದೆ, ಹಿಟ್ಟಿನಲ್ಲಿರುವ ಕಿಣ್ವಗಳು ಮಾತ್ರ ನಿಲ್ಲುವುದಿಲ್ಲ. ಅವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಾ ಹೋಗುತ್ತವೆ. ಆ ಸಕ್ಕರೆಯಿಂದಲೇ ಬೇಯುವಾಗ ಪಿಜ್ಜಾಗೆ ಹೊಂಬಣ್ಣ ಬರುತ್ತದೆ. ನೀವು ಒಂದು ಕಾಳು ಸಕ್ಕರೆಯನ್ನೂ ಸೇರಿಸಬೇಕಾಗಿಲ್ಲ. ಸಣ್ಣಗೆ ಹುಳಿ ಹಿಡಿದು ಬ್ರೆಡ್ಡಿನಂಥ ಆಳವಾದ ರುಚಿಯೂ ಬರುತ್ತದೆ. ಇನ್ನೊಂದು ಲಾಭ, ಗೋಧಿ ತೌಡಿನಲ್ಲಿರುವ ಫೈಟಿಕ್ ಆಮ್ಲ ಹುದುಗಿದಾಗ ಕಡಿಮೆಯಾಗುತ್ತದೆ. ಕಬ್ಬಿಣ, ಸತುವಿನಂಥ ಖನಿಜಗಳನ್ನು ಮೈಗೆ ಹತ್ತದಂತೆ ತಡೆಯುವುದು ಅದೇ.

ಫ್ರಿಜ್‌ನಿಂದ ತೆಗೆದ ಹಿಟ್ಟನ್ನು ನೇರ ಹಿಗ್ಗಿಸಲು ಹೋಗಬೇಡಿ. ಒಂದರಿಂದ ಎರಡು ಗಂಟೆ ಹೊರಗಿಡಿ. ಹದ ನೋಡುವುದು ಹೀಗೆ: ಬೆರಳಿಗೆ ಸ್ವಲ್ಪ ಒಣ ಹಿಟ್ಟು ಸವರಿಕೊಂಡು ಉಂಡೆಯ ಮೇಲೆ ಒತ್ತಿ. ಗುಳಿ ಮೆಲ್ಲಗೆ ಅರ್ಧ ಮೇಲೆ ಬಂದು ನಿಂತರೆ ಸರಿಯಾಗಿದೆ. ಪಟ್ಟನೆ ಎದ್ದು ಬಂದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಗುಳಿ ಹಾಗೇ ಉಳಿದರೆ ಹುದುಗು ಜಾಸ್ತಿಯಾಗಿದೆ, ತಡ ಮಾಡದೆ ಬೇಯಿಸಿಬಿಡಿ.

ಇವತ್ತೇ ತಿನ್ನಬೇಕು ಅನ್ನುವವರು ಯೀಸ್ಟ್ 3 ಗ್ರಾಂ ಮಾಡಿಕೊಂಡು ಬೆಚ್ಚಗಿನ ಜಾಗದಲ್ಲಿ ಒಂದೂವರೆ ಗಂಟೆ ಬಿಟ್ಟು ಮಾಡಬಹುದು. ಕೆಟ್ಟದಾಗೇನೂ ಇರಲ್ಲ. ಆದರೆ ಅಂಥ ಹಿಟ್ಟು ಸಪ್ಪೆ, ಆಗ ಕೈ ತಾನಾಗಿ ಚೀಸ್ ಕಡೆ ಹೋಗುತ್ತದೆ.

ಸಾಸ್

ಬಾಟಲಿ ಸಾಸ್ ತರುವುದಾದರೆ ಲೇಬಲ್ ಓದಿ, ಸಕ್ಕರೆ ಎಷ್ಟಿದೆ ನೋಡಿ. ಮನೆಯಲ್ಲಿ ಮಾಡಿದರೆ ಇಪ್ಪತ್ತು ನಿಮಿಷ. ಚೆನ್ನಾಗಿ ಹಣ್ಣಾದ 400 ಗ್ರಾಂ ಟೊಮೆಟೊ ತೆಗೆದುಕೊಳ್ಳಿ. ಅಡ್ಡಕ್ಕೆ ಕತ್ತರಿಸಿ, ಬೀಜದ ನೀರು ಹಿಂಡಿ ತೆಗೆಯಿರಿ (ಎಸೆಯಬೇಡಿ, ಸೂಪಿಗೆ ಆಗುತ್ತದೆ). ಕತ್ತರಿಸಿದ ಕಡೆಯಿಂದ ತುರಿಮಣೆಗೆ ಉಜ್ಜಿ. ತಿರುಳು ಕೆಳಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಒಂದು ಟೀ ಚಮಚ ಎಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ, ತಿರುಳು ಹಾಕಿ, ಒಂದು ದೊಡ್ಡ ಚಿಟಿಕೆ ಉಪ್ಪು, ಕಾಳುಮೆಣಸು, ಒಣ ಓರೆಗಾನೊ ಸೇರಿಸಿ ಕುದಿಸಿ. ಚಮಚದಲ್ಲಿ ಬಾಣಲೆಯ ತಳಕ್ಕೆ ಒಂದು ಗೆರೆ ಎಳೆಯಿರಿ. ಆ ದಾರಿ ಮೂರ್ನಾಲ್ಕು ಸೆಕೆಂಡ್ ಹಾಗೇ ಉಳಿದರೆ ಸಾಸ್ ಆಯಿತು. ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ.

ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್ ಹಸಿ ಹಣ್ಣಿಗಿಂತ ಬೇಯಿಸಿದಾಗ, ಅದರಲ್ಲೂ ಸ್ವಲ್ಪ ಎಣ್ಣೆ ಜೊತೆ ಇದ್ದಾಗ, ಮೈಗೆ ಚೆನ್ನಾಗಿ ಹತ್ತುತ್ತದೆ. ಎಣ್ಣೆ ಪೂರ್ತಿ ಬಿಟ್ಟುಬಿಡುತ್ತೇನೆ ಅನ್ನುವವರು ಇದನ್ನು ನೆನಪಿಡಿ. ಒಂದು ಪಿಜ್ಜಾಗೆ ನಾಲ್ಕು ದೊಡ್ಡ ಚಮಚ ಸಾಸ್ ಸಾಕು. ಹಿಟ್ಟಿನ ಬಣ್ಣ ಅಲ್ಲಲ್ಲಿ ಇಣುಕಬೇಕು.

ಚೀಸ್: ಕಡಿಮೆ ಹಾಕಿ, ಕಡಿಮೆ ಅನಿಸಬಾರದು

ಮೊದಲ ಉಪಾಯ, ಗಡ್ಡೆ ಚೀಸ್ ತಂದು ನೀವೇ ತುರಿಯಿರಿ. ತುರಿದು ಮಾರುವ ಚೀಸ್ ಒಂದಕ್ಕೊಂದು ಅಂಟದಿರಲಿ ಅಂತ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ. ಅದು ಅಷ್ಟು ಚೆನ್ನಾಗಿ ಕರಗುವುದಿಲ್ಲ, ಸಾಮಾನ್ಯವಾಗಿ ತೂಕಕ್ಕೆ ದುಬಾರಿ ಬೇರೆ. ಗಡ್ಡೆಯನ್ನು ಒಟ್ಟಿಗೆ ತುರಿದು, 60 ಗ್ರಾಂ ಲೆಕ್ಕದಲ್ಲಿ ಪುಟ್ಟ ಪೊಟ್ಟಣ ಕಟ್ಟಿ ಫ್ರೀಜರ್‌ಗೆ ಹಾಕಿಬಿಡಿ. ಪಿಜ್ಜಾ ದಿನ ಒಂದು ಪೊಟ್ಟಣ ಹೊರಗೆ, ಅಷ್ಟೇ. ಡಬ್ಬಿಯಿಂದ ಕೈಯಾರೆ ಉದುರಿಸುತ್ತಾ ಹೋದರೆ 60 ಯಾವಾಗ 120 ಆಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ಎರಡನೆಯದು, ಬೆರಕೆ. 45 ಗ್ರಾಂ ಮೊಝರೆಲ್ಲಾ, 15 ಗ್ರಾಂ ಘಾಟು ರುಚಿಯ ಹಳೆ ಚೀಸ್, ಅಂದರೆ ಪಾರ್ಮೆಸಾನ್ ಅಥವಾ ಚೆನ್ನಾಗಿ ಮಾಗಿದ ಚೆಡ್ಡಾರ್. ಮೊಝರೆಲ್ಲಾ ಎಳೆ ಎಳೆಯಾಗಿ ಹಿಗ್ಗುತ್ತದೆ ಹೊರತು ಅದಕ್ಕೆ ಸ್ವಂತ ರುಚಿ ಕಡಿಮೆ. ರುಚಿಯ ಕೆಲಸ ಆ 15 ಗ್ರಾಂ ಮಾಡುತ್ತದೆ. ಮಾಗಿದ ಚೀಸ್‌ನಲ್ಲಿ ಉಪ್ಪು ಜಾಸ್ತಿ, ಹಾಗಾಗಿ ಇದನ್ನು ಹಾಕುವ ದಿನ ಸಾಸಿಗೆ ಹೇಳಿದ ಚಿಟಿಕೆ ಉಪ್ಪನ್ನು ಬಿಟ್ಟುಬಿಡಿ. ಸಸ್ಯಾಹಾರಿಗಳು ಇಲ್ಲಿ ಲೇಬಲ್ ನೋಡಬೇಕು. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸಿ ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಕಿಣ್ವ ಹಾಕುತ್ತಾರೆ.

ಲೇಬಲ್ ಓದುವಾಗಲೇ ಇನ್ನೊಂದು ವಿಷಯ. ಅಗ್ಗಕ್ಕೆ ಸಿಗುವ ಕೆಲವು 'ಪಿಜ್ಜಾ ಟಾಪಿಂಗ್'ಗಳಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ. ಅಂಥದ್ದರಲ್ಲಿ ಉಳಿತಾಯ ಮಾಡುವುದಕ್ಕಿಂತ ನಿಜವಾದ ಚೀಸನ್ನೇ ಸ್ವಲ್ಪ ಹಾಕುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದರೆ ಅಷ್ಟೇ ಚೀಸ್ ಜಾಸ್ತಿ ಜಾಗ ಮುಚ್ಚುತ್ತದೆ. ಉದುರಿಸುವಾಗ ಅಂಚಿನಿಂದ ಶುರು ಮಾಡಿ, ನಡುವೆ ಕಡಿಮೆ ಹಾಕಿ. ಕರಗಿದ ಮೇಲೆ ಅದು ಹೇಗೂ ನಡುವಿಗೇ ಹರಿಯುತ್ತದೆ.

ತರಕಾರಿ ಮತ್ತು ನೀರಿನ ಕಾಟ

ನನ್ನ ಮೊದಲ ಪಿಜ್ಜಾದ ಕೆರೆ ಎಲ್ಲಿಂದ ಬಂತು ಗೊತ್ತಾ? ಅಣಬೆಯ ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ. ಸೊಪ್ಪು, ಜುಕಿನಿ (ಸೌತೆಕಾಯಿಯ ಹಾಗೆ ಕಾಣುವ ತರಕಾರಿ), ಹಸಿ ಟೊಮೆಟೊ ಕಥೆಯೂ ಅದೇ. ಮನೆಯ ಓವನ್‌ನಲ್ಲಿ ಪಿಜ್ಜಾ ಇರುವುದು ಎಂಟು ಹತ್ತು ನಿಮಿಷ. ಅಷ್ಟರಲ್ಲಿ ತರಕಾರಿ ನೀರು ಬಿಡುತ್ತದೆ, ಆ ನೀರು ಆವಿಯಾಗಲು ಸಮಯ ಸಿಗುವುದಿಲ್ಲ.

ಹಾಗಾಗಿ ನೀರನ್ನು ಮೊದಲೇ ತೆಗೆಯಬೇಕು. ಅಣಬೆಯನ್ನು ಎಣ್ಣೆ ಹಾಕದೆ ಬಿಸಿ ಬಾಣಲೆಗೆ ಹಾಕಿ. ಮೊದಲು ನೀರು ಬಿಟ್ಟು ಚುರ್ ಅನ್ನುತ್ತದೆ. ಆ ಸದ್ದು ನಿಂತು, ಅಂಚು ಕಂದುಬಣ್ಣಕ್ಕೆ ತಿರುಗಿದಾಗ ಇಳಿಸಿ. ಒಂದು ದೊಡ್ಡ ಬಟ್ಟಲು ಅಣಬೆ ಒಂದು ಹಿಡಿಗೆ ಇಳಿದಿರುತ್ತದೆ, ರುಚಿಯೂ ಹಾಗೇ ಗಟ್ಟಿಯಾಗಿರುತ್ತದೆ. ಜುಕಿನಿಗೆ ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ. ಪಾಲಕ್ ಬಾಡಿಸಿ ಹಿಂಡಿ. ಈರುಳ್ಳಿ, ದೊಣ್ಣೆಮೆಣಸಿನಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿದರೆ ಹಸಿಯಾಗೇ ಹಾಕಬಹುದು. ಡಬ್ಬಿ ಆಲಿವ್ ಉಪ್ಪುನೀರಿನಲ್ಲಿ ಇರುತ್ತದೆ, ತೊಳೆದು ಒರೆಸಿ.

ಒಂದು ಪಿಜ್ಜಾಗೆ ಎಲ್ಲ ಸೇರಿ 100 ಗ್ರಾಂ ತರಕಾರಿ ಮೀರಬೇಡಿ, ಎರಡು ಮೂರು ಬಗೆಗಿಂತ ಜಾಸ್ತಿಯೂ ಬೇಡ. ಉಳಿದ ತರಕಾರಿಯನ್ನು ಪಕ್ಕದ ಬಟ್ಟಲಿನಲ್ಲಿ ತಿಂದರಾಯಿತು. ಎಲ್ಲವನ್ನೂ ಪಿಜ್ಜಾ ಮೇಲೇ ಹೊರಿಸಬೇಕಾಗಿಲ್ಲ. ಹೊಟ್ಟೆ ತುಂಬಬೇಕು ಅಂದರೆ ಬೇಯಿಸಿದ ಕಡಲೆಯನ್ನು ಒರೆಸಿ, ಸ್ವಲ್ಪ ಹುರಿದು ಉದುರಿಸಿ. ಅಗ್ಗದ ಪ್ರೋಟೀನ್, ಜೊತೆಗೆ ಕುರುಕುರು. ಮೊಟ್ಟೆ ತಿನ್ನುವವರು ಕೊನೆಯ ನಾಲ್ಕೈದು ನಿಮಿಷದಲ್ಲಿ ನಡುವೆ ಒಂದನ್ನು ಒಡೆದು ಹಾಕಿ, ಬಿಳಿ ಭಾಗ ಪೂರ್ತಿ ಗಟ್ಟಿಯಾಗುವವರೆಗೆ ಬಿಡಬಹುದು. ಮಾಂಸ ತಿನ್ನುವವರಿಗೆ ಬೇಯಿಸಿದ ಕೋಳಿಯ ಚೂರು ಒಳ್ಳೆಯದು. ಪೆಪ್ಪರೋನಿ, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಅಪರೂಪಕ್ಕಷ್ಟೇ ಇರಲಿ.

ಅನಾನಸ್ ಹಾಕಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನಿಲ್ಲ. ಹಾಕುವುದಾದರೆ ಹಿಂಡಿ ಹಾಕಿ.

ಬೇಯಿಸುವುದು: ಓವನ್ ಇದ್ದರೆ

ಇಟಲಿಯ ನೇಪಲ್ಸ್ ಶೈಲಿಯ ಪಿಜ್ಜಾ ಬೇಯುವುದು 430ರಿಂದ 480 ಡಿಗ್ರಿ ಬಿಸಿಯ ಸೌದೆ ಒಲೆಯಲ್ಲಿ, 60ರಿಂದ 90 ಸೆಕೆಂಡಿನಲ್ಲಿ. ಮನೆ ಓವನ್ ಸಾಮಾನ್ಯವಾಗಿ 250 ಡಿಗ್ರಿಗೆ ಸುಸ್ತಾಗುತ್ತದೆ. ಗಾಳಿಯ ಬಿಸಿಯಲ್ಲಿ ನಾವು ಗೆಲ್ಲೋಕಾಗಲ್ಲ, ಕೆಳಗಿನ ಲೋಹದ ಬಿಸಿಯಲ್ಲಿ ಸ್ವಲ್ಪ ಸರಿದೂಗಿಸಬಹುದು.

ಪಿಜ್ಜಾ ಕಲ್ಲು ಕೊಳ್ಳುವ ಅಗತ್ಯ ಇಲ್ಲ. ದಪ್ಪನೆಯ ಕಪ್ಪು ಬಣ್ಣದ ಬೇಕಿಂಗ್ ಟ್ರೇಯನ್ನು ತಲೆಕೆಳಗಾಗಿ ಓವನ್‌ನ ಕೆಳಗಿನ ಭಾಗದಲ್ಲಿಡಿ. ಓವನ್ ಎಷ್ಟು ಬಿಸಿಯಾಗುತ್ತದೋ ಅಷ್ಟಕ್ಕೆ ಇಟ್ಟು, ಟ್ರೇ ಸಮೇತ 30 ನಿಮಿಷ ಕಾಯಿಸಿ. ಓವನ್ ದೀಪ ಹತ್ತು ನಿಮಿಷಕ್ಕೇ ಬಿಸಿಯಾಯಿತು ಅಂತ ಹೇಳಬಹುದು. ಅದು ಹೇಳುವುದು ಗಾಳಿಯ ಲೆಕ್ಕ, ಲೋಹ ಕಾಯಲು ಇನ್ನೂ ಹೊತ್ತು ಬೇಕು. ಇಷ್ಟು ಕರೆಂಟ್ ಖರ್ಚು ಮಾಡಿದ ಮೇಲೆ ಒಂದೇ ಪಿಜ್ಜಾ ಮಾಡಿ ನಿಲ್ಲಿಸಬೇಡಿ, ಎರಡನ್ನೂ ಒಂದರ ಹಿಂದೆ ಒಂದು ಮಾಡಿ.

ಉಂಡೆಯನ್ನು ಬೇಕಿಂಗ್ ಕಾಗದದ ಮೇಲಿಟ್ಟು, ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಬನ್ನಿ. ಸುತ್ತ ಒಂದು ಸೆಂಟಿಮೀಟರ್ ಅಂಚು ಮುಟ್ಟಬೇಡಿ, ಅಲ್ಲಿರುವ ಗಾಳಿಯೇ ಆಮೇಲೆ ಉಬ್ಬುವುದು. ಹಿಟ್ಟು ಹಿಂದಕ್ಕೆ ಸೆಳೆದುಕೊಳ್ಳುತ್ತಿದ್ದರೆ ಜಗಳ ಆಡಬೇಡಿ. ಹತ್ತು ನಿಮಿಷ ಬಿಟ್ಟು ಬನ್ನಿ, ತಾನೇ ಸಡಿಲವಾಗಿರುತ್ತದೆ. ಲಟ್ಟಣಿಗೆ ಬಳಸಿದರೆ ಪಾಪವೇನಿಲ್ಲ, ಆದರೆ ಗಾಳಿ ಹೊರಟು ಪಿಜ್ಜಾ ತೆಳ್ಳಗೆ, ಗರಿಗರಿಯಾಗುತ್ತದೆ. ಕೆಲವರಿಗೆ ಅದೇ ಇಷ್ಟ.

ಸಾಸ್, ಚೀಸ್, ತರಕಾರಿ ಹಾಕಿ, ಅಂಚಿಗೆ ಒಂದು ಟೀ ಚಮಚ ಎಣ್ಣೆ ಸವರಿ. ತಡ ಮಾಡದೆ ಕಾಗದ ಸಮೇತ ಬಿಸಿ ಟ್ರೇ ಮೇಲೆ ಜಾರಿಸಿ. ಹೊರಗೆ ಉಳಿದ ಕಾಗದವನ್ನು ಮೊದಲೇ ಕತ್ತರಿಸಿರಬೇಕು. ನಾನು ಒಮ್ಮೆ ಹಾಗೇ ಬಿಟ್ಟೆ, ಮೂಲೆ ಮೇಲಿನ ಕಾಯಿಲ್‌ಗೆ ತಾಗಿ ಹೊತ್ತಿಕೊಂಡಿತು. ಕಾಗದದ ಪೆಟ್ಟಿಗೆ ಮೇಲೆ ಅದು ಎಷ್ಟು ಬಿಸಿ ತಡೆಯುತ್ತದೆ ಅಂತ ಬರೆದಿರುತ್ತಾರೆ, ತುಂಬಾ ಕಾಗದಗಳ ಮಿತಿ 220 ಡಿಗ್ರಿ. ನಿಮ್ಮ ಓವನ್ ಅದಕ್ಕಿಂತ ಬಿಸಿಯಾದರೆ ಕಾಗದದ ಬದಲು ಇನ್ನೊಂದು ಟ್ರೇಯ ಬೆನ್ನಿಗೆ ರವೆ ಉದುರಿಸಿ, ಅದರ ಮೇಲಿಂದ ಜಾರಿಸಿ.

250 ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ. ಮೇಲಿನ ಚೀಸ್ ನೋಡಿ ಮೋಸಹೋಗಬೇಡಿ, ಸಟ್ಟುಗದಲ್ಲಿ ಅಂಚು ಎತ್ತಿ ತಳ ನೋಡಿ. ಹೊಂಬಣ್ಣದ ನಡುವೆ ಕಂದು ಚುಕ್ಕೆ ಇರಬೇಕು, ತುಂಡು ಬಾಗಬಾರದು. ಕಪ್ಪಗೆ ಸೀದರೆ ಆ ಭಾಗ ಬಿಟ್ಟುಬಿಡಿ. ಓವನ್ 220 ಮೇಲೆ ಹೋಗುವುದಿಲ್ಲ ಅಂದರೆ ಎರಡು ಸಲಕ್ಕೆ ಬೇಯಿಸಿ: ಸಾಸ್ ಮಾತ್ರ ಹಚ್ಚಿ ಐದು ನಿಮಿಷ, ಆಮೇಲೆ ಚೀಸ್ ತರಕಾರಿ ಹಾಕಿ ಆರೇಳು ನಿಮಿಷ. ಇಲ್ಲದಿದ್ದರೆ ಹಿಟ್ಟು ಬೇಯುವಷ್ಟರಲ್ಲಿ ಚೀಸ್ ಎಣ್ಣೆ ಬಿಟ್ಟು ರಬ್ಬರ್ ಆಗಿರುತ್ತದೆ.

ಹೊರಗೆ ತೆಗೆದು ಎರಡು ನಿಮಿಷ ಜಾಲರಿ ಮೇಲಿಡಿ. ತಟ್ಟೆ ಮೇಲೆ ಇಟ್ಟರೆ ಆವಿ ಕೆಳಗೇ ಸಿಕ್ಕಿಕೊಂಡು ತಳ ಮೆತ್ತಗಾಗುತ್ತದೆ. ತುಳಸಿ ಜಾತಿಯ ಬೇಸಿಲ್ ಎಲೆ ಸಿಕ್ಕಿದರೆ ಈಗ ಹಾಕಿ, ಓವನ್‌ಗೆ ಹಾಕಿದರೆ ಕರಿಯಾಗುತ್ತದೆ.

ಓವನ್ ಇಲ್ಲದಿದ್ದರೆ

ದಪ್ಪ ತಳದ ಬಾಣಲೆ, ಅದಕ್ಕೊಂದು ಮುಚ್ಚಳ ಇದ್ದರೆ ಸಾಕು. ನಿಜ ಹೇಳಬೇಕೆಂದರೆ ಒಬ್ಬರಿಗೆ, ಇಬ್ಬರಿಗೆ ಮಾಡುವಾಗ ನಾನು ಓವನ್ ಹಚ್ಚುವುದೇ ಇಲ್ಲ. ಅರ್ಧ ಗಂಟೆ ಕಾಯಿಸುವ ಖರ್ಚು ಉಳಿಯುತ್ತದೆ.

ಬಾಣಲೆಯಲ್ಲಿ ಮೇಲಿನಿಂದ ಬಿಸಿ ಬರುವುದಿಲ್ಲ. ಆದ್ದರಿಂದ ತಿರುಗಿಸಿ ಹಾಕುವುದೇ ಗುಟ್ಟು. ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಮೂರು ನಿಮಿಷ ಕಾಯಿಸಿ. ಹಿಗ್ಗಿಸಿದ ಹಿಟ್ಟನ್ನು ಹಾಕಿ ಮುಚ್ಚಿ. ಎರಡು ಮೂರು ನಿಮಿಷದಲ್ಲಿ ಮೇಲೆ ಗುಳ್ಳೆ ಏಳುತ್ತದೆ, ಕೆಳಗೆ ಕಂದು ಚುಕ್ಕೆ ಬಂದಿರುತ್ತದೆ. ತಿರುಗಿಸಿ ಹಾಕಿ, ಉರಿ ಸಣ್ಣ ಮಾಡಿ. ಬೆಂದ ಮೈ ಈಗ ಮೇಲೆ ಬಂದಿದೆ ಅಲ್ವಾ, ಅದರ ಮೇಲೆ ಸಾಸ್, ಚೀಸ್, ಮೊದಲೇ ಹುರಿದ ತರಕಾರಿ ಹಾಕಿ ಮುಚ್ಚಿ. ನಾಲ್ಕೈದು ನಿಮಿಷಕ್ಕೆ ಚೀಸ್ ಕರಗುತ್ತದೆ. ಕೊನೆಯ ಒಂದು ನಿಮಿಷ ಮುಚ್ಚಳ ಓರೆ ಮಾಡಿ, ಆವಿ ಹೋಗಲಿ. ಮುಚ್ಚಳ ಎತ್ತುವಾಗ ನೇರ ಎತ್ತಬೇಡಿ, ಪಕ್ಕಕ್ಕೆ ಸರಿಸಿ. ಇಲ್ಲದಿದ್ದರೆ ಅದರಲ್ಲಿ ಕೂತ ನೀರೆಲ್ಲ ಪಿಜ್ಜಾ ಮೇಲೇ ಸುರಿಯುತ್ತದೆ.

ನಾನ್‌ಸ್ಟಿಕ್ ಬಾಣಲೆಯಾದರೆ ಖಾಲಿಯಾಗಿ ಜಾಸ್ತಿ ಹೊತ್ತು ಕಾಯಿಸಬೇಡಿ. ಕಬ್ಬಿಣದ ಬಾಣಲೆ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಯೀಸ್ಟೂ ಇಲ್ಲ, ಹಸಿವು ಕಾಯುವುದಿಲ್ಲ ಅನ್ನುವ ದಿನಕ್ಕೆ ಒಂದು ಅಡ್ಡದಾರಿ: 125 ಗ್ರಾಂ ಹಿಟ್ಟು, ಒಂದು ಟೀ ಚಮಚ ಬೇಕಿಂಗ್ ಪೌಡರ್, ಸುಮಾರು 100 ಗ್ರಾಂ ಗಟ್ಟಿ ಮೊಸರು ಕಲಸಿ, ಹದಿನೈದು ನಿಮಿಷ ಬಿಟ್ಟು ಇದೇ ರೀತಿ ಬಾಣಲೆಯಲ್ಲಿ ಮಾಡಿ. ಬೇಕಿಂಗ್ ಪೌಡರ್‌ನಲ್ಲೇ ಸೋಡಿಯಂ ಇರುವುದರಿಂದ ಉಪ್ಪು ಹಾಕುವುದು ಬೇಡ. ಮೆತ್ತಗೆ, ತಿನ್ನುವ ಹಾಗೆ ಇರುತ್ತದೆ. ಫ್ರಿಜ್‌ನಲ್ಲಿ ಎರಡು ದಿನ ಕೂತ ಹಿಟ್ಟಿನ ಜೊತೆ ಹೋಲಿಸಬೇಡಿ, ಅಷ್ಟೇ.

ಮಾಡಿಡುವುದು, ಉಳಿದದ್ದು

ವಾರಕ್ಕೊಮ್ಮೆ ಪಿಜ್ಜಾ ಬೇಕು, ಪ್ರತಿ ಸಲ ಇಷ್ಟೆಲ್ಲ ಆಗಲ್ಲ ಅನ್ನುವವರು ನಾಲ್ಕು ಉಂಡೆ ಒಟ್ಟಿಗೆ ಮಾಡಿ. ಸಾಸ್ ಮಾತ್ರ ಹಚ್ಚಿ ನಾಲ್ಕೈದು ನಿಮಿಷ ಅರೆಬೇಯಿಸಿ, ಪೂರ್ತಿ ಆರಿಸಿ, ನಡುವೆ ಕಾಗದ ಇಟ್ಟು ಗಾಳಿಯಾಡದಂತೆ ಸುತ್ತಿ ಫ್ರೀಜರ್‌ನಲ್ಲಿಡಿ. ಒಂದು ತಿಂಗಳೊಳಗೆ ತಿಂದರೆ ರುಚಿ ಚೆನ್ನಾಗಿರುತ್ತದೆ. ಬೇಕಾದಾಗ ಕರಗಿಸದೆ, ನೇರ ಚೀಸ್ ಉದುರಿಸಿ ಬಿಸಿ ಓವನ್‌ಗೆ ಹಾಕಿ. ಒಡೆದ ಯೀಸ್ಟ್ ಪೊಟ್ಟಣವನ್ನೂ ಪುಟ್ಟ ಬಾಟಲಿಗೆ ಸುರಿದು ಬಿಗಿಯಾಗಿ ಮುಚ್ಚಿ ಅದೇ ಫ್ರೀಜರ್‌ನಲ್ಲಿಡಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮಕ್ಕಳು ಪಕ್ಕದಲ್ಲಿ ನಿಂತು ಹಿಟ್ಟು ಒತ್ತಲಿ, ಸಾಸ್ ಹಚ್ಚಲಿ. ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ, ಬೇಯಿಸದ ಹಿಟ್ಟಿನಲ್ಲಿ ರೋಗಾಣು ಇರಬಹುದು.

ಮಾಡಿದ ಪಿಜ್ಜಾ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಬಿಸಿ ಮಾಡಲು ಮೈಕ್ರೋವೇವ್‌ಗೆ ಹಾಕಿದರೆ ತಳ ಚರ್ಮದ ಹಾಗಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಎರಡು ನಿಮಿಷ ಬಿಡಿ, ಆಮೇಲೆ ಪಿಜ್ಜಾದ ಪಕ್ಕದಲ್ಲಿ, ಬಾಣಲೆಯ ಮೇಲೆ, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿ. ಆವಿಗೆ ಮೇಲಿನ ಚೀಸ್ ಮತ್ತೆ ಕರಗುತ್ತದೆ, ಅಷ್ಟರಲ್ಲಿ ತಳ ಗರಿಗರಿಯಾಗಿರುತ್ತದೆ. ಮಾರನೆಯ ದಿನದ ಈ ತುಂಡು ನಮ್ಮ ಮನೆಯಲ್ಲಿ ಯಾವಾಗಲೂ ಜಗಳಕ್ಕೆ ಕಾರಣ.